ಮೂರನೇ ಜಾಗಕ್ಕೆ ನಾಲ್ಕನೇ ಲೆಕ್ಕ

ಕೊಪ್ಪಳದಲ್ಲಿ ಎಂಜಿನಿಯರಿಂಗ್ ಓದುವಾಗ ಕೋಡಿಂಗ್ ಸ್ಪರ್ಧೆಗಳ ಸುಲಭದ ಲೆಕ್ಕಗಳಿಗೆ ನಾನೇ ಹುಲಿ. ಇನ್ನೂರು ಬಿಡಿಸಿದ್ದೆ, ಎಲ್ಲ ಒಂದೇ ಹದದವು. ಕಾಲೇಜಿನ ತಂಡ ಕಟ್ಟುತ್ತಿದ್ದ ಸೀನಿಯರ್ ಅಕ್ಕ, ತಳಕಲ್ ಕಡೆಯವರು, ನೋಡಿ ನಕ್ಕರು.

"ಒಂದನೇತ್ತಾ ಪುಸ್ತಕ ಇನ್ನೂರ ಸಲ ಓದಿದ್ರ ಎರಡನೇತ್ತಾಕ್ಕ ಹೋದಂಗಾತೇನೋ ತಮ್ಮಾ?"

ಅಂದಿನಿಂದ ದಿನಕ್ಕೊಂದೇ ಲೆಕ್ಕ, ನನ್ನ ಅಳವಿಗಿಂತ ಒಂದು ಮೆಟ್ಟಿಲು ಮೇಲಿನದು. ಒಂದು ತಾಸು ಉತ್ತರ ನೋಡದೆ ಒದ್ದಾಡುವುದು, ಆಮೇಲೆ ಓದುವುದು, ಮರುದಿನ ನೋಡದೆ ಬರೆಯುವುದು. ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ಪುಕ್ಕಟೆ ಸಿಕ್ಕಿತೆಂದು ಹಗುರ ಮಾಡಬೇಡಿ.

ಆಯ್ಕೆಯ ದಿನ ತಂಡದಲ್ಲಿ ಉಳಿದದ್ದು ಮೂರನೇ ಜಾಗವೊಂದೇ. ಮೂರು ಲೆಕ್ಕದವರೆಗೆ ನಾನೂ ಹನುಮಸಾಗರದ ಸಹಪಾಠಿಯೊಬ್ಬನೂ ಸಮಸಮ. ನಾಲ್ಕನೆಯದನ್ನು ಕಡಿಮೆ ಹೊತ್ತಿನಲ್ಲಿ ಬಿಡಿಸಿದವನಿಗೆ ಜಾಗ. ತಪ್ಪು ಕಳಿಸಿದರೆ ಪ್ರತಿ ಸಲ ಇಪ್ಪತ್ತು ನಿಮಿಷ ದಂಡ. ಇದ್ದದ್ದು ನಲವತ್ತು ನಿಮಿಷ.

ನಾಲ್ಕನೇ ಲೆಕ್ಕ ಇದು: ಸಾಲಾಗಿಟ್ಟ ಭತ್ತದ ಚೀಲಗಳನ್ನು, ಸಾಲು ಕೆಡದಂತೆ, ಹೇಳಿದಷ್ಟೇ ಟ್ರಿಪ್‌ಗಳಲ್ಲಿ ಸಾಗಿಸಬೇಕು. ಲಾರಿ ಕನಿಷ್ಠ ಎಷ್ಟು ಭಾರ ಹೊರಬೇಕು?

ಅತಿ ಭಾರದ ಚೀಲದ ತೂಕದಿಂದ ಶುರು ಮಾಡಿ ಲಾರಿಯ ಭಾರವನ್ನು ಒಂದೊಂದೇ ಕಿಲೋ ಏರಿಸುತ್ತ ಹೋಗುವ ಪ್ರೋಗ್ರಾಂ ಬರೆದು ಕಳಿಸಿದೆ. ಪ್ರೋಗ್ರಾಂ ಓಡಲು ಕೊಟ್ಟ 'ಸಮಯ ಮೀರಿದೆ' ಎಂದು ಕೆಂಪು ಅಕ್ಷರ. ಅಲ್ಲಿಲ್ಲಿ ತಿದ್ದಿ ಮತ್ತೆ ಕಳಿಸಿದೆ. ಮತ್ತೆ ಕೆಂಪು.

"ಏನಪಾ, ಕುಷ್ಟಗಿ ಸಂತಿ ಚೌಕಾಸಿ ಇನ್ನೂ ಮುಗೀಲಿಲ್ಲೇನ?" ಎಂದ ಸಹಪಾಠಿ, ಪರದೆಯಿಂದ ಕಣ್ಣೆತ್ತದೆ.

ಕುಟುಕಿದ್ದು ಸರಿಯಾದ ಜಾಗಕ್ಕೇ. ಆ ಸಂತೆಯಲ್ಲಿ ಕುರಿ ಮಾರಿ ಓದಿದವನು ನಾನು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವಾಗ ಸ್ವಲ್ಪಸ್ವಲ್ಪವೇ ಸರಿಯಬೇಕು, ಜಿಗಿಯಬಾರದು. ಜಿಗಿದರೆ ನಮ್ಮ ಅವಸರ ಎದುರಿನವನಿಗೆ ತಿಳಿದುಬಿಡುತ್ತದೆ. ಆ ಚಟವನ್ನೇ ಇಲ್ಲಿಗೂ ತಂದಿದ್ದೆ. ಕಂಪ್ಯೂಟರಿಗೆ ನಮ್ಮ ಅವಸರ ತಿಳಿದರೆ ನಷ್ಟವೇನು? ನಟ್ಟನಡುವಿನ ಭಾರ ಹಿಡಿದೆ. ಅದು ಸಾಕಾದರೆ ಮೇಲಿನ ಅರ್ಧ ಬಿಡುವುದು, ಸಾಲದಿದ್ದರೆ ಕೆಳಗಿನ ಅರ್ಧ. ಮತ್ತೆ ನಡು ಹಿಡಿಯುವುದು.

ಈ ಸಲ ಹಸಿರು. ಇನ್ನೂ ಹನ್ನೆರಡು ನಿಮಿಷ ಇತ್ತು. ಆದರೆ ನನ್ನ ತಲೆಯ ಮೇಲೆ ನಲವತ್ತು ನಿಮಿಷದ ದಂಡ. ಅವನು ಒಂದೂ ತಪ್ಪು ಕಳಿಸಿರಲಿಲ್ಲ. ಮುಗಿಸಿದರೆ ಸಾಕು, ಜಾಗ ಅವನದು. ಕೈಕಟ್ಟಿ ಅವನ ಕೀಲಿಗಳ ಸದ್ದು ಕೇಳುತ್ತ ಕೂತೆ.

ಮೂರು ನಿಮಿಷ ಇರುವಾಗ ಸದ್ದು ನಿಂತಿತು. ಅವನ ಪರದೆಯೂ ಹಸಿರಾಯಿತು.

ಕಳಿಸುವ ಮೊದಲು, ಅತಿ ದೊಡ್ಡ ಅಂಕಿಗಳನ್ನು ಕೊಟ್ಟರೆ ಪ್ರೋಗ್ರಾಂಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಬೆರಳಲ್ಲಾದರೂ ಅಂದಾಜು ಮಾಡಿಕೊಳ್ಳಿ. ಆ ಒಂದು ನಿಮಿಷ ಉಳಿಸಲು ಹೋಗಿ ನಾನು ಜಾಗ ಕಳೆದುಕೊಂಡೆ.

ಸೀನಿಯರ್ ಹತ್ತಿರ ಹೋದೆ. "ಅಕ್ಕಾರ, ಜಾಗ ಅಂವಂದ ಆಗ್ಲಿ. ಅಭ್ಯಾಸಕ್ಕರ ನನ್ನ ಕೂಡಸ್ಕೋರಿ."

"ಬಿಡಾಂವಲ್ಲ ನೀ," ಎಂದರು. "ಕೂಡು. ಇವತ್ತಿನ ಐದನೇ ಲೆಕ್ಕ ಯಾರೂ ಮುಟ್ಟಿಲ್ಲ, ಅದನ್ನ ತಗಿ."