ಮರಿ ಹೊರುವ ಕುದುರೆ

ನಮ್ಮ ಮಾಮಾನ ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿರುತ್ತಿತ್ತು. ಚಿಕ್ಕವಳಿದ್ದಾಗ ಆ ಬಿರುಕುಗಳಲ್ಲಿ ಮುರಿದು ಕೂತ ಜಾಲಿಮುಳ್ಳನ್ನು ನಾನು ಪಿನ್ನಿನಿಂದ ಮೀಟಿ ತೆಗೆಯುತ್ತಿದ್ದೆ. ಆತ ಹಾಂ ಹೂಂ ಎನ್ನದೆ ಎಲೆಯಡಿಕೆ ಜಗಿಯುತ್ತ ಕೂತಿರುತ್ತಿದ್ದ. ಅವ್ವನ ತಮ್ಮ ಆತ, ತುಕ್ಕಾನಟ್ಟಿಯ ಕುರಿಗಾರ. ಮಳೆ ಹಿಡಿಯುವ ಮೊದಲು ಹಿಂಡು ಹೊಡೆದುಕೊಂಡು ಮೂಡಣ ದಿಕ್ಕಿಗೆ ಹೊರಟರೆ ತಿಂಗಳುಗಟ್ಟಲೆ ಮನೆಯ ಮುಖ ನೋಡುತ್ತಿರಲಿಲ್ಲ. ಆ ಕಾಲುಗಳಲ್ಲಿ ಒಂದನ್ನು ಸಕ್ಕರೆ ಕಾಯಿಲೆ ತಿಂದಿತು. ಮುಳ್ಳು ಚುಚ್ಚಿದ ಗಾಯ ಕೊಳೆತು, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಗಾಯಕ್ಕೆ ಪಟ್ಟಿ ಕಟ್ಟಿಸಲು ಅನುಕೂಲವೆಂದು ಆತನನ್ನು ಗೋಕಾಕದ ನನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದೆ. ನಾನು ಕೋರ್ಟಿನ ಎದುರು ಟೈಪಿಂಗ್ ಮಾಡುವವಳು, ಒಬ್ಬಳೇ ಇರುವವಳು. ಮಾಮಾ ಬಂದವನೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಮಾತಿಲ್ಲ, ಕಥೆಯಿಲ್ಲ. ರೊಟ್ಟಿ ಇಟ್ಟರೆ ಅರ್ಧ ಮುರಿದು ಉಳಿದದ್ದನ್ನು ತಾಟಿನಲ್ಲೇ ಬಿಡುತ್ತಿದ್ದ. ಹೀಗೇ ಬಿಟ್ಟರೆ ಈತ ಉಳಿಯುವುದಿಲ್ಲ ಎಂದು ನನಗೆ ದಿಗಿಲಾಯಿತು.

ಆತನನ್ನು ಈ ಕಡೆ ತಿರುಗಿಸಿದ್ದು ನನ್ನ ವಿಡಿಯೋ ಗೇಮ್. ನಗಬೇಡಿ. ಹಗಲೆಲ್ಲ ಮಂದಿಯ ಜಗಳದ ಅರ್ಜಿ ಟೈಪ್ ಮಾಡಿ ಬೇಸತ್ತ ಹೆಂಗಸು ಸಂಜೆ ಟಿವಿ ಮುಂದೆ ಕೂತು, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಅಮೆರಿಕದ ಬಯಲಿನಲ್ಲಿ ಮನಸ್ಸು ಬಂದಲ್ಲಿ ಅಲೆದರೆ ಯಾರ ಗಂಟೇನು ಹೋಯಿತು? ಆ ಆಟದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕುದುರೆ. ಅದೊಮ್ಮೆ ಸತ್ತರೆ ಸತ್ತಂತೆಯೇ, ಮತ್ತೆ ಬರುವುದಿಲ್ಲ. ಆ ಸಂಜೆ ನಾನು ಆಟದ ಲಾಯದಲ್ಲಿ ಬಿಳಿ ಕುದುರೆಯೊಂದನ್ನು ಆರಿಸುತ್ತಿದ್ದೆ. ಇಂಟರ್ನೆಟ್ಟಿನಲ್ಲಿ ಯಾರನ್ನು ಕೇಳಿದರೂ ಅದರಷ್ಟು ಒಳ್ಳೆಯ ಕುದುರೆ ಇನ್ನೊಂದಿಲ್ಲ ಎನ್ನುತ್ತಿದ್ದರು.

“ಅದ ಬ್ಯಾಡ,” ಎಂದಿತು ಬೆನ್ನ ಹಿಂದಿನಿಂದ ದನಿ.

ನನ್ನ ಮನೆಗೆ ಬಂದ ಮೇಲೆ ಮಾಮಾ ತಾನಾಗಿ ಆಡಿದ ಮೊದಲ ಮಾತು ಅದು. “ಯಾಕ ಮಾಮಾ? ಭಾಳ ಜೋರ ಓಡತೈತಿ,” ಎಂದೆ.

“ಓಡಿ ಏನ ಮಾಡೂದೈತಿ? ನಿಂತಲ್ಲಿ ನಿಂದರವಲ್ದು ನೋಡ ಅದು. ಮರಿ ಎಲ್ಲಿ ಹೇರತಿ?”

ಕುರಿಗಾರರ ಕುದುರೆ ಓಡುವುದಕ್ಕಿರುವುದಲ್ಲ. ಹಾಸಿಗೆ, ಪಾತ್ರೆ, ಕೋಳಿ, ಹಾದಿಯಲ್ಲಿ ಹುಟ್ಟಿದ ನಡೆಯಲಾರದ ಕುರಿಮರಿ, ಇವನ್ನೆಲ್ಲ ಹೊತ್ತು ಹಿಂಡಿನ ಜೊತೆ ಸಾಗುವುದಕ್ಕಿರುವುದು. ಮೂಡಲಗಿ, ಹುಕ್ಕೇರಿ ಕಡೆಯವರು ಕುದುರೆ ಕೊಳ್ಳುವಾಗ ಮಾಮಾನನ್ನು ಕರೆದೊಯ್ಯುತ್ತಿದ್ದರು. ಆತ ಹಲ್ಲು ಎಣಿಸುತ್ತಿರಲಿಲ್ಲ, ಓಡಿಸಿ ನೋಡುತ್ತಿರಲಿಲ್ಲ. ಒಂದು ಎಳೆಮರಿಯನ್ನು ಅದರ ಬೆನ್ನ ಮೇಲಿಟ್ಟು ಹಿಡಿದು ನಿಲ್ಲುತ್ತಿದ್ದ. ಮರಿ ಒದರಾಡಿ, ಕಾಲು ಝಾಡಿಸಿ, ಉಚ್ಚೆ ಹೊಯ್ದರೂ ಕುದುರೆ ಮಿಸುಕದಿದ್ದರೆ, “ಇದನ್ನ ಹೊಡಕೊಂಡ ನಡೀರಿ,” ಎನ್ನುತ್ತಿದ್ದ.

“ಇದು ಬಂದೂಕಿನ ಆಟ ಮಾಮಾ, ಇದರಾಗ ಮರಿ ಹೇರೂದಿಲ್ಲ,” ಎಂದು ನಕ್ಕೆ. ಆತ ನಗಲಿಲ್ಲ. ಒಂದೊಂದೇ ಕುದುರೆ ತೋರಿಸುತ್ತ ಹೋದೆ. ಕರಿಯದಕ್ಕೆ ಸೊಕ್ಕು ಬಹಳವಂತೆ. ಚುಕ್ಕಿಯದು ಬೆದರುವ ಜಾತಿಯಂತೆ. ಕೊನೆಗೆ ಮಣ್ಣಿನ ಬಣ್ಣದ, ದಪ್ಪ ಕಾಲಿನ, ಯಾವುದರಲ್ಲೂ ಮುಂದಿಲ್ಲದ ಒಂದು ಹೆಣ್ಣು ಕುದುರೆ ಬಂತು. “ಇದು,” ಎಂದ. ನಾನು ಮನಸ್ಸಿಲ್ಲದ ಮನಸ್ಸಿನಿಂದ ಅದನ್ನೇ ತೆಗೆದುಕೊಂಡೆ. ಆ ಹೊತ್ತು ಆತ ಇಡೀ ರೊಟ್ಟಿ ತಿಂದ.

ರಿಮೋಟಿನಲ್ಲಿ ಆಟದ ಮನುಷ್ಯನನ್ನು ನಡೆಸುವುದನ್ನು ಹೇಳಿಕೊಟ್ಟೆ; ಮರುದಿನದಿಂದ ಆಟ ಮಾಮಾನದೇ ಆಯಿತು. ಆದರೆ ಆತ ಕುದುರೆ ಏರಲೇ ಇಲ್ಲ. ಲಗಾಮು ಹಿಡಿದು ಅದರ ಬಾಜೂ ನಡೆಯುತ್ತಿದ್ದ, ಬೆಟ್ಟ ಹತ್ತಿ, ಹೊಳೆ ದಾಟಿ, ಮಧ್ಯಾಹ್ನವಿಡೀ. ದರೋಡೆಕೋರರು ಬಂದು ಗುಂಡು ಹೊಡೆದು ಕೆಡವಿದರೆ ಮತ್ತೆ ಎದ್ದು ನಡೆಯುತ್ತಿದ್ದ. ನೋಡಿ ನೋಡಿ ನನಗೆ ತಲೆ ಕೆಟ್ಟಿತು. “ಈ ಬಟನ್ ಒತ್ತಿ ಏರ ಮಾಮಾ!”

“ನಾವ ಏರೂದಿಲ್ಲ ಯವ್ವಾ. ಕೂಸ ಏರತಾವು, ಜಡ್ಡ ಬಂದಾವ್ರ ಏರತಾರ. ನಡ್ಯಾಕ ಬರಾಂವ ಯಾಕ ಏರತಾನ?”

ಇದ್ದೊಂದು ಕಾಲನ್ನು ಚಾಚಿ ಕೂತು ಆತ ಹೀಗೆಂದ. ನಾನು ರೊಟ್ಟಿ ಬಡಿಯಲು ಎದ್ದೆ.

ಹಿಂಡು ಹೊರಡುವ ಕಾಲ ಬಂತು. ಆತನ ಮಗ ತುಕ್ಕಾನಟ್ಟಿಯಿಂದ ಬಂದು ಹಾಸಿಗೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ಅಪ್ಪಾ, ನೀನೂ ಬಾ. ಕುದರಿ ಮ್ಯಾಲ ಕುಂದರಿಸ್ಕೊಂಡ ಹೊಕ್ಕೇವಿ.”

ಮಾಮಾನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಹೋಗುವ ಆಸೆ ಆತನಿಗೆ ಜೀವದಷ್ಟಿತ್ತು. ಆದರೆ, “ನಾ ಕುಂತ್ರ ಮರಿ ಎಲ್ಲಿ ಹೇರತೀರಿ?” ಎಂದು ಕೇಳಿದ.

“ಮರಿ ನಾವ ಹೊರತೇವಿ.”

“ಹಾದಿ ತುಂಬ ಹೊರಾಕ ಆಗೂದಿಲ್ಲೋ. ಎಲ್ಯರೆ ಇಳಿಸಿ ಬಿಟ್ಟ ಹೊಕ್ಕೀರಿ. ನಾ ಒಲ್ಲೆ.”

ಮಗ ಬೇಡಿಕೊಂಡ, ಸಿಟ್ಟಾದ, ಕಡೆಗೆ ಚಹಾ ಕುಡಿಯದೆ ಎದ್ದು ಹೋದ. ನಾನೂ ಜೋರು ಮಾಡಿ ಹೇಳಿದೆ. ಆತ ಜಗ್ಗಲಿಲ್ಲ. ಹಿಂಡು ಹೋಯಿತು. ಮಾಮಾ ಆಟದೊಳಗೆ ಕುದುರೆ ಹಿಡಿದುಕೊಂಡು, ಅಲ್ಲಿ ಸೂರ್ಯ ಹುಟ್ಟುವ ದಿಕ್ಕಿಗೇ ದಿನಾಲು ನಡೆದ. ಅಷ್ಟರಲ್ಲಿ ಉಳಿದ ಕಾಲಿನ ಬೆರಳುಗಳೂ ಕಪ್ಪಾಗತೊಡಗಿದವು.

ಒಂದು ಸಂಜೆ ಕೋರ್ಟಿನಿಂದ ಬಂದು ಚಪ್ಪಲಿ ಬಿಡುತ್ತ ಟಿವಿ ಕಡೆ ನೋಡಿದರೆ, ಆಟದೊಳಗಿನ ಆತನ ಮನುಷ್ಯ ಕುದುರೆಯ ಮೇಲೆ ಕೂತಿದ್ದ.

“ಏರಿದೇನ ಮಾಮಾ?”

“ಹ್ಞೂಂ. ಇನ್ನ ನಾ ನಡ್ಯಾಂವ ಅಲ್ಲ ಯವ್ವಾ.”

ಕುದುರೆ ನಿಂತಲ್ಲೇ ನಿಂತಿತ್ತು. ಅದನ್ನು ಮುಂದೆ ಹೊಡೆಯುವುದು ಹೇಗೆಂದು ಆತ ಕೇಳಲಿಲ್ಲ. ನಾನು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹಿಂಡು ಮರಳುವ ಮೊದಲೇ ನಂಜು ಮೈಗೆ ಏರಿ ಮಾಮಾ ಹೋದ. ಮಗ ದೂರದ ಹಾದಿಯಿಂದ ಜೀಪು, ಬಸ್ಸು ಬದಲಿಸುತ್ತ ಮಣ್ಣು ಮಾಡುವ ಹೊತ್ತಿಗೆ ಬಂದು ಮುಟ್ಟಿದ. ಎಲ್ಲ ಮುಗಿದ ಮೇಲೆ ನನ್ನ ಬಳಿ ಬಂದು, ಅಪ್ಪ ಕಡೆಕಡೆಗೆ ಏನಾದರೂ ಅಂದನೇ ಎಂದು ಕೇಳಿದ. ಆಟದ ಕುದುರೆ ಏರಿದ್ದನ್ನು ಹೇಳಿದೆ. ಅವನು ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

“ಈ ಸಲ ಹಾದಿಯಾಗ ಮರಿ ಹುಟ್ಟಲೇ ಇಲ್ಲಕ್ಕಾ,” ಎಂದ. “ಕುದರಿ ಮ್ಯಾಲ ಮರಿ ಜಾಗಾ ಖಾಲಿನ ಉಳೀತು.”