ಕಡಲ ದಂಡಿಯ ಕುಬಸ

ನಾಳೆ ಮೊಮ್ಮಗಳ ಕುಬಸ, ಅಂದ್ರ ಸೀಮಂತ. ಹಸರು ಸೀರಿ ಹುಡುಕಾಕಂತ ಟ್ರಂಕು ತಗದೆ ನೋಡ್ರಿ, ಡಾಂಬರ ಗುಳಿಗಿ ವಾಸನಿ ಜೋಡಿ ಒಂದು ಹಸರು ಉಲನ್ ಸ್ವೆಟರು ಕೈಗೆ ಬಂತು. ಒಂದು ತೋಳು ಉದ್ದ, ಒಂದು ಗಿಡ್ಡ. ಈ ಬಾಗೇವಾಡಿ ಬಿಸಿಲಿನ್ಯಾಗ ಅದನ್ನ ಯಾರು ಹಾಕ್ಕೋಬೇಕು? ಆದರೂ ಕಾದಿಟ್ಟೇನಿ. ಅತ್ತ ಅಡಗಿಮನಿಯೊಳಗ ಮಗಳು ಶಾಂತಾ ಹಟ ಹಿಡದಾಳ. ತನ್ನ ಗಂಡ ತೀರಿಕೊಂಡಾರ, ಅದಕ್ಕ ಹಡದ ಮಗಳ ಉಡಿ ತಾನು ತುಂಬೂದಿಲ್ಲಂತ.

ಎಪ್ಪತ್ತರ ದಶಕದ ಮಾತು. ತವರೂರು ಯಂಕಂಚಿ ಬಿಟ್ರ ಸಿಂದಗಿ ಅಷ್ಟ ಕಂಡಾಕಿ ನಾನು. ಡಾಕ್ಟರ್ ಗಂಡನ ಬೆನ್ನು ಹತ್ತಿ ಇಂಗ್ಲೆಂಡಿನ ಸಮುದ್ರದ ದಂಡಿಯ ಒಂದು ಸಣ್ಣ ಹಳ್ಳಿಗೆ ಹೋದೆ. ಒಂದು ಚರ್ಚು, ಒಂದು ಅಂಗಡಿ, ಕಲ್ಲಿನ ಮನಿಗಳು. ಕೆಳಗ ಮೀನುಗಾರರು, ಗುಡ್ಡದ ಮ್ಯಾಲೆ ಒಕ್ಕಲುತನದವರು; ಸುತ್ತಿನ ವಸ್ತಿಗೆಲ್ಲ ಅದ ಒಂದು ಚರ್ಚು. ಮೊದಲ ಸಲ ಸಮುದ್ರ ನೋಡಿದಾಗ, ಇಷ್ಟು ನೀರಿದ್ದೂ ಒಂದು ಕೊಡ ಕುಡಿಯಾಕ ಬರೂದಿಲ್ಲಲ್ಲ ಅಂತ ಸಿಟ್ಟು ಬಂದಿತ್ತು ನನಗ.

ಶಾಂತಾ ಹೊಟ್ಟ್ಯಾಗ, ಏಳು ತಿಂಗಳು. ಮಗ್ಗಲ ಮನಿ ಮುದುಕಿ ಎಡಿತ್ ಅಂತ. ಎಂದೋ ಮೀನಿಗೆ ಹೋದ ಆಕಿ ಗಂಡ ಕಡಲಿನಿಂದ ತಿರುಗಿ ಬಂದಿರಲಿಲ್ಲ. ತವರು ನೆನಸಿ ನಾ ಅಳೂದು ನೋಡಿ, ಈಗ ನಿಮ್ಮೂರಾಗಿದ್ರ ಏನು ಮಾಡತಿದ್ರು ಅಂತ ಕೇಳಿದಳು. ಹರಕು ಇಂಗ್ಲಿಷಿನ್ಯಾಗ ಹೇಳಿದೆ: ತವರಿನವರು ಹಸರು ಸೀರಿ, ಹಸರು ಕುಬಸ ಅಂದ್ರ ರವಿಕಿ ತರತಾರ, ಹೆಣ್ಮಕ್ಕಳು ಸೆರಗಿಗೆ ಗೋಧಿ, ಕೊಬ್ಬರಿ, ಹಣ್ಣು ಹಾಕಿ ಉಡಿ ತುಂಬತಾರ. ಗಂಡ ಇಲ್ಲದಾಕಿ ತುಂಬೂದಿಲ್ಲ ಅನ್ನೂದು ಮಾತ್ರ ಬಾಯಿಗೆ ಬರಲಿಲ್ಲ.

ಮುಂದಿನ ಐತವಾರ ಪ್ರಾರ್ಥನೆ ಮುಗಿಸಿ, ಎಡಿತ್ ಮಾತು ಕೇಳಿ ಊರ ಹೆಣ್ಮಕ್ಕಳೆಲ್ಲ ನಮ್ಮನಿಗೆ ಬಂದ್ರು. ಗುಡ್ಡದವರು ಗೋಧಿ, ಸೇಬು ತಂದ್ರ, ದಂಡಿಯವರು ಪೇಪರಿನ್ಯಾಗ ಸುತ್ತಿದ ದೊಡ್ಡದೊಂದು ಮೀನು ತಂದಿದ್ರು. ನಮ್ಮವ್ವ ನೋಡಿದ್ರ ಅಲ್ಲೇ ಜೀವ ಬಿಡತಿದ್ದಳು. ಅದು ಉಡಿಗೆ ಬ್ಯಾಡ್ರೆವ್ವಾ ಅಂತ ಕೈ ಮುಗಿದು ಟೇಬಲ್ ಮ್ಯಾಲೆ ಇಡಿಸಿದೆ. ಎಡಿತ್ ಎಲ್ಲಾರಿಗಿಂತ ಮುಂದ ಬಂದಳು. ಕುಬಸ ಅಂತ ತಾನ ಹೆಣೆದ ಈ ಸ್ವೆಟರು ತೊಡಿಸಿ, ಬೊಗಸಿ ತುಂಬ ಗೋಧಿ ಹಿಡದು ನಿಂತಳು. ಗಂಡ ಇಲ್ಲದಾಕಿ. ಸೆರಗು ಒಡ್ಡಲೋ ಬ್ಯಾಡೋ?

"ನಿನ್ನ ತಾಯಿ ದೂರ ಅದಾಳ. ಇವತ್ತಿಗೆ ನಾನ ತಾಯಿ ಅಂತ ತಿಳಿ," ಅಂದಳು.

ಒಡ್ಡಿದೆ. ಆ ದಿನ ಅತ್ತದ್ದು ದುಃಖಕ್ಕಲ್ಲ. ಆಕಿ ಋಣ ಇವತ್ತಿಗೂ ನನ್ನ ಮ್ಯಾಲೈತಿ.

ಸ್ವೆಟರು ತಗೊಂಡು ಅಡಗಿಮನಿಗೆ ಹೋದೆ. ಶಾಂತಾ ಹೂರಣ ರುಬ್ಬಾಕತ್ತಿದ್ದಳು. ಸ್ವೆಟರಿನ ಕಥಿ ಆಕಿಗೆ ಗೊತ್ತೈತಿ. ಎಡಿತಳಿಗೆ ಗಂಡ ಇರಲಿಲ್ಲ ಅನ್ನೂದು ನಾ ಎಂದೂ ಹೇಳಿರಲಿಲ್ಲ. ಇವತ್ತು ಹೇಳಿದೆ. "ನೀ ನನ್ನ ಹೊಟ್ಟ್ಯಾಗಿದ್ದಾಗ ಮೊದಲ ಉಡಿ ತುಂಬಿದಾಕಿ ಆಕಿನ, ಶಾಂತವ್ವಾ. ಆಕಿ ಆಶೀರ್ವಾದ ಹೊತ್ತ ನೀ ಹುಟ್ಟೀದಿ."

ಶಾಂತಾ ಸೆರಗಿಗೆ ಕೈ ಒರಸಿಕೊಂಡು ಸ್ವೆಟರು ಇಸಗೊಂಡಳು. ಆ ಗಿಡ್ಡ ತೋಳು ಜಗ್ಗಿ ಜಗ್ಗಿ ಉದ್ದನ್ನ ತೋಳಿಗೆ ಸರಿ ಮಾಡಿ ನೋಡಿದಳು. ಆಮ್ಯಾಲೆ ಕೇಳಿದಳು:

"ಉಡಿ ತುಂಬೂ ಗೋಧಿ ಎಲ್ಲಿಟ್ಟೀಯವ್ವಾ?"