ಹಿತ್ತಲ ಸೇವಂತಿಗೆ ಮತ್ತು ಬಂಗಾರಮ್ಮನ ಬೆಕ್ಕು

ಹೊನ್ನಾಳಿಯ ಸರ್ವಮಂಗಳಮ್ಮ ಯಾರನ್ನೂ ಪೂರ್ತಿ ನಂಬಿದವಳಲ್ಲ. ಹಾಲಿನವನು ಕೊಟ್ಟ ಹಾಲನ್ನು ಕಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಅದು ಹರಿಯುವುದನ್ನು ನೋಡಿ, ಆಮೇಲೆ ಅವನ ಮುಖ ನೋಡುವಳು. ಮಡಿವಾಳರ ಮನೆಯಿಂದ ಬಂದ ಸೀರೆಯನ್ನು ನಡುವೆ ಬೇರೆ ಯಾರಾದರೂ ಉಟ್ಟಿದ್ದರೋ ಏನೋ ಎಂದು ಮೂಸುವಳು. ಗಂಡ ಮಹೇಶ್ವರಪ್ಪ ಅಡಿಕೆ ಮಂಡಿಯಿಂದ ನಗುತ್ತ ಬಂದರೆ "ಏನ್ ಮುಚ್ಚಿಟ್ಕಂಡು ಬಂದೀರಿ?" ಎನ್ನುವಳು. ನಗದೆ ಬಂದರೂ ಅದೇ ಪ್ರಶ್ನೆ. ಪಾಪ, ಯಾವ ಮುಖ ಹೊತ್ತುಕೊಂಡು ಮನೆಯೊಳಗೆ ಬರಬೇಕೆಂಬುದು ಆ ಮನುಷ್ಯನಿಗೆ ಕೊನೆಗೂ ತಿಳಿಯಲಿಲ್ಲ.

ಅವಳ ತವರು ಜಗಳೂರು. ಕುಡಿಯುವ ನೀರಿಗೇ ಕೊಡ ಹಿಡಿದು ಊರಾಚೆ ನಡೆಯಬೇಕಾದ ಕಡೆ ಹೂವಿನ ಗಿಡಕ್ಕೆ ನೀರು ಹಾಕುವವರು ಯಾರು? ಮದುವೆಯಾಗಿ ಹೊನ್ನಾಳಿಗೆ ಬಂದು, ಹಿತ್ತಲಲ್ಲೇ ಬಾವಿ ಕಂಡಾಗ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕನಕಾಂಬರ ಹಾಕಿದಳು, ದುಂಡುಮಲ್ಲಿಗೆ ಹಾಕಿದಳು, ಕಾರ್ತಿಕಕ್ಕೆಂದೇ ಸೇವಂತಿಗೆ ಪಾತಿ ಮಾಡಿದಳು. ಬಾವಿಯ ನೀರು ಗಿಡಕ್ಕೆ; ಕುಡಿಯಲೂ ಪೂಜೆಗೂ ಬೀದಿ ನಲ್ಲಿಯ ನೀರು. ಮುಂಜಾನೆ ಸ್ನಾನ ಮಾಡಿ, ವಿಭೂತಿ ಧರಿಸಿ, ತಾನೇ ಕೊಯ್ದ ಹೂವನ್ನು ಅಂಗೈಮೇಲಿನ ಲಿಂಗಕ್ಕೆ ಏರಿಸಿದರೇನೇ ಅವಳಿಗೆ ಬೆಳಗಾದಂತೆ. ಸಂತೆಯ ಹೂವನ್ನು ಅವಳು ಲಿಂಗಕ್ಕೆ ಸೋಕಿಸಿದವಳೇ ಅಲ್ಲ. "ಎಂಥಾ ನೀರು ಚಿಮುಕಿಸಿರ್ತಾರೋ, ಎಲ್ಲಿ ಇಟ್ಟಿರ್ತಾರೋ, ಯಾರು ಕಂಡೋರು!" ಕೇರಿಯ ಹೆಂಗಸರಿಗೂ ಅವಳ ಹಿತ್ತಲ ಹೂವೆಂದರೆ ಗೌರವ. ಕಾರ್ತಿಕ ಸೋಮವಾರ ಬಂತೆಂದರೆ ಪಕ್ಕದ ಮನೆ ಕಸ್ತೂರಮ್ಮನೂ ಬುಟ್ಟಿ ಹಿಡಿದು ನಿಲ್ಲುವಳು. ಸರ್ವಮಂಗಳಮ್ಮನಿಗೆ ಒಡವೆ ಬೇಡ, ಊರು ತಿರುಗುವ ಆಸೆ ಇಲ್ಲ. ಲಿಂಗಕ್ಕೆ ಕಳಂಕವಿಲ್ಲದ ಹೂವು ಏರಬೇಕು, ಅಷ್ಟೇ ಅವಳ ಹಟ.

ಎಪ್ಪತ್ತೊಂಬತ್ತನೇ ಇಸವಿಯ ಗೌರಿ ಹಬ್ಬ ಕಳೆದ ಮೇಲೆ ಮಹೇಶ್ವರಪ್ಪ ಒಂದು ಚೀಲ ಗೊಬ್ಬರ ತಂದ. ಹಿಂದಿನ ವರ್ಷ ಸೇವಂತಿಗೆ ಬಡಕಲಾಗಿ ಬಂದು, ಹೆಂಡತಿ ಊಟದ ಹೊತ್ತಿನಲ್ಲೆಲ್ಲ ಅದೇ ರಾಮಾಯಣ ತೆಗೆದಿದ್ದಳು. ಮಂಡಿಯ ಅಡಿಕೆಯನ್ನು ಮಂಗಳೂರಿಗೆ ಒಯ್ಯುವ ಲಾರಿ ಡ್ರೈವರ್ ಪಾಲಣ್ಣ ಬರುವಾಗ ಹಾಕಿಕೊಂಡು ಬಂದಿದ್ದನಂತೆ. "ಘಟ್ಟದ ಕೆಳಗೆ ತೆಂಗಿಗೆ ಹಾಕ್ತಾರಂತೆ ಕಣೇ. ಹೂವು ಬುಟ್ಟಿ ಬುಟ್ಟಿ ಬರ್ತದಂತೆ."

ಅವಳು ಒಂದು ಹಿಡಿ ತೆಗೆದು ಮೂಸಿದಳು. ಒಣಗಿದ ಕಂದು ಪುಡಿ, ಮುಗ್ಗಲು ಮುಗ್ಗಲು. "ಇದೆಂಥಾ ಹಿಂಡಿ? ಒಂಥರಾ ಐತಲ್ರೀ."

"ಗೊಬ್ಬರ ಮತ್ತೆ ಮಲ್ಲಿಗೆ ನಾತ ಬರ್ತೈತೇನೆ?"

ಅದೂ ನಿಜವೇ ಎಂದುಕೊಂಡು ತನ್ನ ಕೈಯಾರೆ ಸೇವಂತಿಗೆಗೂ ಕನಕಾಂಬರಕ್ಕೂ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದಳು. ವಾರದೊಳಗೆ ಬೆಕ್ಕು ಬಂತು.

ಮೊದಲು ಬಂದದ್ದು ಹಿಂದಿನ ಗೋಡೆಯಾಚೆಯ ಬಂಗಾರಮ್ಮನ ಬೆಕ್ಕು. ಬೂದಿ ಬಣ್ಣದ್ದು, ಮೋಟು ಬಾಲದ್ದು. ಆಮೇಲೆ ಕೇರಿಯ ಬೆಕ್ಕೆಲ್ಲ ದಂಡು ಕಟ್ಟಿಕೊಂಡು ಬಂದವು. ಪಾತಿ ಕೆದರಿದವು, ಮಣ್ಣಿನಲ್ಲಿ ಹೊರಳಾಡಿದವು, ಮೊಗ್ಗು ಬಿಟ್ಟ ಗಿಡಗಳನ್ನು ಬುಡಸಮೇತ ಎತ್ತಿ ಹಾಕಿದವು. ಸರ್ವಮಂಗಳಮ್ಮ ಜಾಲಿಮುಳ್ಳು ಹಾಸಿದಳು. ಮುಳ್ಳನ್ನೇ ಸರಿಸಿ ಕೆದರಿದವು. ಖಾರದಪುಡಿ ಎರಚಿದಳು, ಗಾಳಿಗೆ ಅದು ಅವಳ ಕಣ್ಣಿಗೇ ಬಿತ್ತು. ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸಿದಳು. ಕಲ್ಲು ಬೀರುವ ಹಾಗಿಲ್ಲ. ತಪ್ಪಿ ಬೆಕ್ಕು ಸತ್ತರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಆ ಪಾಪ ತೀರುವುದಿಲ್ಲವೆಂದು ಅವಳ ಅತ್ತೆ ಹೇಳಿಹೋಗಿದ್ದಳು. ಹಾಗಾಗಿ ಬಾವಿಕಟ್ಟೆಯ ಮೇಲೆ ಚೊಂಬು ನೀರಿಟ್ಟುಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಳು.

ಕೂತವಳಿಗೆ ಯೋಚನೆ ಬೇಡವೆ? ಇಷ್ಟು ವರ್ಷ ಇಲ್ಲದ ಬೆಕ್ಕು ಈ ವರ್ಷ ಯಾಕೆ? ಬೇಸಗೆಯಲ್ಲಿ ಬಂಗಾರಮ್ಮನ ನುಗ್ಗೆಗಿಡದ ಕೊಂಬೆ ಪಾತಿಗೆ ನೆರಳು ಮಾಡುತ್ತದೆಂದು ಇವಳು ಕಡಿಸಿದ್ದಳು. ಬಂಗಾರಮ್ಮ ಆವತ್ತು "ಹೋಗ್ಲಿ ಬಿಡ್ರಿ, ಮತ್ತೆ ಚಿಗುರ್ತೈತೆ" ಎಂದು ನಕ್ಕಿದ್ದಳು. ಹೊಟ್ಟೆಯಲ್ಲಿ ಇಟ್ಟುಕೊಂಡವಳಲ್ಲದೆ ಬೇರೆ ಯಾರು ಹಾಗೆ ನಗುತ್ತಾರೆ!

ಅಷ್ಟರಲ್ಲಿ ಒಂದು ಮಳೆ ಬಂದು ಹಿತ್ತಲೆಲ್ಲ ನಾರಿತು. ಅದು ಬಂಗಾರಮ್ಮನ ಮನೆಯ ವಾಸನೆಯೇ. ಅವಳ ಗಂಡ ಹೊಳೆಯಲ್ಲಿ ಬಲೆ ಬಿಡುವವನು. ಅವರ ಒಲೆಯ ಮೇಲೆ ಮೀನು ಕೂತ ದಿನ ಸರ್ವಮಂಗಳಮ್ಮ ಹಿತ್ತಲ ಬಾಗಿಲು ಹಾಕಿ ಧೂಪ ಹಾಕುವಳು. ಈಗ ಧೂಪ ಹಾಕಿದರೂ ಹೋಗಲಿಲ್ಲ. ಮಾರನೆಯ ದಿನ ಬೆಕ್ಕು ಕೆದರಿದ ಕಡೆ ಬೆರಳುದ್ದದ ಒಂದು ಮೂಳೆ ಸಿಕ್ಕಿತು. "ಸಿಕ್ಕಿಬಿದ್ಲು!" ಎಂದಳು ಸರ್ವಮಂಗಳಮ್ಮ. ಗೋಡೆ ಮೇಲಿಂದ ಮೀನಿನ ಕಸ ಎಸೆದು, ಬೆಕ್ಕು ಕರೆದು, ತನ್ನ ಪೂಜೆ ಕೆಡಿಸುವ ಸಂಚು. ಮೈಯೆಲ್ಲ ಉರಿದುಹೋಯಿತು.

ಮೂಳೆಯನ್ನು ಮುತ್ತುಗದ ಎಲೆಯಲ್ಲಿ ಹಿಡಿದುಕೊಂಡು ನೇರ ಬೀದಿ ನಲ್ಲಿಯ ಹತ್ತಿರ ಹೋದಳು. ಕೇರಿಯ ಹೆಂಗಸರೆಲ್ಲ ಅಲ್ಲಿದ್ದರು, ಬಂಗಾರಮ್ಮನೂ ಇದ್ದಳು.

"ಏನೇ ಬಂಗಾರಿ, ಇದು ಯಾರ ಮನೇದು ಹೇಳು! ನುಗ್ಗೆ ಕೊಂಬೆ ಕಡಿಸಿದ್ದಕ್ಕೆ ನನ್ನ ಲಿಂಗದ ಹೂವಿನ ಮೇಲೆ ಸೇಡು ತೀರಿಸ್ಕಂತೀಯಾ? ನಿಂಗೆ ಹೊಟ್ಟೆಕಿಚ್ಚಿದ್ರೆ ನನ್ನ ಮುಖಕ್ಕೆ ಉಗಿ, ಪೂಜೆ ಯಾಕೆ ಕೆಡಿಸ್ತೀ?"

ಬಂಗಾರಮ್ಮ ಎಲೆಯನ್ನು ಕೈಗೆ ತೆಗೆದುಕೊಂಡಳು. ಮೂಳೆಯನ್ನು ತಿರುವಿ ನೋಡಿದಳು. ಅದಕ್ಕೆ ಮೆತ್ತಿದ್ದ ಕಂದು ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿದಳು. ಆಮೇಲೆ ಸರ್ವಮಂಗಳಮ್ಮನ ಹಣೆಯ ವಿಭೂತಿಯನ್ನೂ ತಲೆಯ ಕನಕಾಂಬರವನ್ನೂ ನೋಡಿದಳು. ಎಲೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು.

"ನಮ್ಮನೇದೇ ಸರ್ವಮಂಗ್ಳಕ್ಕ. ತಪ್ಪಾತು. ಇನ್ಮೇಲೆ ಬರಲ್ಲ."

ಹೆಂಗಸರೆಲ್ಲ ಥೂ ಎಂದರು. ಕಸ್ತೂರಮ್ಮ ತನ್ನ ಕೊಡವನ್ನು ಬಂಗಾರಮ್ಮನ ಕೊಡದ ಪಕ್ಕದಿಂದ ಎತ್ತಿ ಬೇರೆ ಕಡೆ ಇಟ್ಟಳು. ಆವತ್ತಿನಿಂದ ಬಂಗಾರಮ್ಮ ಎಲ್ಲರೂ ತುಂಬಿಕೊಂಡು ಹೋದ ಮೇಲೆ ನಲ್ಲಿಗೆ ಬರತೊಡಗಿದಳು. ಮೋಟು ಬಾಲದ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ನ್ಯಾಮತಿಯ ತಂಗಿಯ ಮನೆಗೆ ಬಿಟ್ಟುಬಂದಳು.

ಬಂಗಾರಮ್ಮನ ಬೆಕ್ಕು ಹೋಯಿತು. ಉಳಿದ ಬೆಕ್ಕುಗಳು ಬರುವುದು ನಿಲ್ಲಲಿಲ್ಲ. ಮುರಿದ ಗಿಡ ಬಿಟ್ಟು ಉಳಿದ ಸೇವಂತಿಗೆ ಮಾತ್ರ ಕಾರ್ತಿಕಕ್ಕೆ ಹಿತ್ತಲು ತುಂಬಿ ಹಳದಿಯಾಗಿ ನಿಂತಿತು. ಕೇರಿಗೆಲ್ಲ ಹಂಚಿದಳು. ಆದರೂ ಸರ್ವಮಂಗಳಮ್ಮನಿಗೆ ಸಮಾಧಾನವಿಲ್ಲ. ಈಗ ಅವಳ ಅನುಮಾನ ಬೇರೆ ದಾರಿ ಹಿಡಿದಿತ್ತು. ಬಂಗಾರಿ ಅಷ್ಟು ಸಲೀಸಾಗಿ ಯಾಕೆ ಒಪ್ಪಿಕೊಂಡಳು? ಕದ್ದವರೂ ಆಣೆ ಪ್ರಮಾಣ ಮಾಡಿ ಜಗಳಕ್ಕೆ ನಿಲ್ಲುವ ಕೇರಿ ಇದು. ಬೈದರೆ ಎರಡು ತಿರುಗಿ ಬೈಯಬೇಕಿತ್ತು. ಬೈಯದೆ ಇದ್ದದ್ದೇ ಇವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಕಾರ್ತಿಕದ ಎರಡನೇ ಸೋಮವಾರದ ಮುಂಜಾನೆ ಪಾಲಣ್ಣ ಇನ್ನೊಂದು ಚೀಲ ಹೊತ್ತು ಬಾಗಿಲಿಗೆ ಬಂದ. ಬುಟ್ಟಿಯಲ್ಲಿದ್ದ ಹೂವು ನೋಡಿ ಹಲ್ಲು ಕಿರಿದ. "ನೋಡಿದ್ರಾ ಅಮ್ಮಾ? ನಾನ್ ಹೇಳಿರ್ಲಿಲ್ವಾ? ಸಮುದ್ರದ ಮೀನು ಒಣಗಿಸಿ ಕುಟ್ಟಿದ ಗೊಬ್ಬರ ಅಂದ್ರೆ ಸುಮ್ನೇನಾ!"

ಸರ್ವಮಂಗಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಗಷ್ಟೇ ಪೂಜೆ ಮುಗಿಸಿ ಎದ್ದಿದ್ದಳು. ಅಂಗೈಯನ್ನು ಒಮ್ಮೆ ನೋಡಿಕೊಂಡಳು, ಸೀರೆಗೆ ಒರೆಸಿಕೊಂಡಳು, ಮತ್ತೆ ನೋಡಿಕೊಂಡಳು. ಒಳಗಿನಿಂದ ಬಂದ ಮಹೇಶ್ವರಪ್ಪನ ಮುಖ ಬಿಳಿಚಿತ್ತು. "ಆಣೆಗೂ ನಂಗೆ ಗೊತ್ತಿರ್ಲಿಲ್ಲ ಕಣೇ. ನಾ ಕೇಳ್ಲೂ ಇಲ್ಲ." ಜೀವನದಲ್ಲಿ ಮೊದಲ ಸಲ ಅವಳು ಗಂಡನ ಮಾತನ್ನು ಕೇಳಿದ ಕೂಡಲೇ ನಂಬಿದಳು. ಮೀನು ಮುಟ್ಟದ ಮನೆಯಲ್ಲಿ ಹುಟ್ಟಿ, ಮೀನು ಮುಟ್ಟದ ಮನೆಗೆ ಬಂದವರು ಇಬ್ಬರೂ. ಪುಡಿ ಮಾಡಿದ ಮೀನನ್ನು ಅವರು ಯಾವುದರಿಂದ ಗುರುತು ಹಿಡಿಯಬೇಕಿತ್ತು?

ಹಿತ್ತಲ ಗೋಡೆಯ ಹತ್ತಿರ ಹೋಗಿ ಕೂಗಿದಳು. ಬಂಗಾರಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

"ನಿಂಗೆ ಗೊತ್ತಿತ್ತೇನೇ?"

ಯಾವುದೆಂದು ಬಂಗಾರಮ್ಮ ಕೇಳಲಿಲ್ಲ. "ಮೂಳೆ ನೋಡ್ದಾಗ ಗೊತ್ತಾತು. ನಮ್ಮ ಹೊಳೆ ಮೀನಿಂದು ಅಲ್ಲ ಅದು."

"ಮತ್ತೆ ಅಷ್ಟು ಜನದ ಮುಂದೆ ಯಾಕೆ ಒಪ್ಕಂಡೆ?"

"ಏನ್ ಮಾಡ್ಲಿ ಅಕ್ಕ? ಅದೇ ಹೂವಲ್ಲಿ ದಿನಾ ಪೂಜೆ ಮಾಡ್ತಿದ್ರಿ. ನಾ ಬಾಯಿ ಬಿಟ್ಟಿದ್ರೆ ನೀವು ಅನ್ನ ನೀರು ಬಿಟ್ಟು ಮಲಗ್ತಿದ್ರಿ. ನಂಗೇನು, ನಾಕು ದಿನ ಬೈಸ್ಕಂಡ್ರೆ ಮುಗೀತು ಅನ್ಕಂಡೆ."

ಸರ್ವಮಂಗಳಮ್ಮನಿಗೆ ಅಳು ಬಂತು, ಸಿಟ್ಟೂ ಬಂತು. ತನ್ನ ಮೇಲಿನ ಸಿಟ್ಟು. "ನಡಿ ನಲ್ಲಿಗೆ," ಎಂದು ಒಳಗೆ ಹೋಗಿ ಕೊಡ ಹಿಡಿದು ಹೊರಟೇಬಿಟ್ಟಳು. ಬಂಗಾರಮ್ಮ ಸುತ್ತು ಹಾಕಿ ಓಡಿ ಬಂದು ಅವಳನ್ನು ಬೀದಿಯಲ್ಲಿ ಹಿಡಿದಳು. "ಬ್ಯಾಡ್ರಿ ಅಕ್ಕ, ಯಾರಿಗೂ ಗೊತ್ತಿಲ್ಲ. ನಿಮ್ಮ ಹೆಸರು ಹಾಳಾಗ್ತೈತೆ."

"ನಿನ್ನ ಹೆಸರು ಹಾಳು ಮಾಡಿದ್ನಲ್ಲ ನಾನು!"

ನಲ್ಲಿಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಮೀನು ಹಾಕ್ದೋಳು ನಾನು. ಈ ಎರಡು ಕೈಯಲ್ಲಿ ಹಾಕೀನಿ. ಬಂಗಾರಿದು ಏನೇನೂ ತಪ್ಪಿಲ್ಲ."

ಕಸ್ತೂರಮ್ಮ ಬಾಯಿಗೆ ಸೆರಗು ಹಿಡಿದಳು. "ಹಂಗಾರೆ ಇವತ್ತು ನಾವು ಏರಿಸಿದ ಹೂವು?"

"ಅದೂ ಅದೇ ಪಾತೀದು."

ಕೊಡ ಎತ್ತಿಕೊಂಡು ಒಬ್ಬೊಬ್ಬರೇ ಹೋದರು. ನಲ್ಲಿಯ ನೀರು ಸರ್ವಮಂಗಳಮ್ಮನ ಕೊಡ ತುಂಬಿ ಹೊರಚೆಲ್ಲುತ್ತಿತ್ತು. ಅವಳು ನಲ್ಲಿ ನಿಲ್ಲಿಸಿ ಕೊಡದ ಕಂಠ ಹಿಡಿದು ಎತ್ತಲು ನೋಡಿದಳು. ಕೊಡ ಸೊಂಟಕ್ಕೆ ಬರಲಿಲ್ಲ. ಬಂಗಾರಮ್ಮ ಮಾರು ದೂರದಲ್ಲೇ ನಿಂತಿದ್ದಳು.

"ಕೈ ಕೊಡೇ."

"ಪೂಜೆ ನೀರಲ್ವೇನ್ರಿ ಅದು?"

"ಹೌದು," ಎಂದಳು ಸರ್ವಮಂಗಳಮ್ಮ. "ಎತ್ತು."